ಹಳೇ ಕಾರಿಗೆ ಕಾರ್ಬೊರೇಟರೇ ಸಾಕಾ, ಇಂಜೆಕ್ಷನ್ ಹಾಕಿಸ್ಬೇಕಾ? ಗ್ಯಾರೇಜಿಗೆ ಹೋಗೋ ಮುಂಚೆ ಓದ್ಕೊಳಿ

ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಶುರುವಿನ ಮಾರುತಿ 800, ಇಂಥ ಗಾಡಿ ಇಟ್ಕೊಂಡಿರೋರು ಯಾರೇ ಸಿಕ್ರೂ ಇತ್ತೀಚೆಗೆ ಒಂದೇ ಮಾತು, ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಬಿಸಿಯಾದ್ಮೇಲೆ ಆಫ್ ಮಾಡಿದ್ರೆ ಮತ್ತೆ ಹಿಡಿಯಲ್ಲ, ಪಿಕಪ್ ಸತ್ತೋಗಿದೆ, ಈ ಕಾರ್ಬೊರೇಟರ್ ಕಿತ್ತಾಕಿ ಇಂಜೆಕ್ಷನ್ ಮಾಡಿಸ್ಬಿಡ್ಲಾ ಅಂತ. ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ಬಹುಪಾಲು ಗಾಡಿಗೆ ಬೇಡ. ಆದ್ರೆ ಬೇಡ ಅನ್ನೋದು ಬೇರೆ, ನಿಮ್ಮ ಗಾಡಿಗೆ ಯಾಕೆ ಬೇಡ ಅಂತ ಅಳತೆ ಮಾಡಿ ತಿಳ್ಕೊಳೋದು ಬೇರೆ. ಕೆಲವು ಗಾಡಿಗೆ ನಿಜವಾಗ್ಲೂ ಬೇಕು, ಅದ್ಯಾವುದು ಅಂತಾನೂ ಕೆಳಗೆ ಬರತ್ತೆ.

ಎರಡಕ್ಕೂ ಏನು ವ್ಯತ್ಯಾಸ ಅಂತ ಚಿಕ್ಕದಾಗಿ. ಇಂಜಿನ್ನಿಗೆ ಹೋಗೋ ಗಾಳಿಗೆ ಪೆಟ್ರೋಲು ಬೆರೆಸೋ ಎರಡು ದಾರಿ ಇವು. ಕಾರ್ಬೊರೇಟರಲ್ಲಿ ಗಾಳಿ ಒಂದು ಕಿರಿದಾದ ಗಂಟಲಿನ ಮೂಲಕ ಹೋಗತ್ತೆ, ಅಲ್ಲಿ ವೇಗ ಜಾಸ್ತಿ ಆಗಿ ಒತ್ತಡ ಕಮ್ಮಿ ಆಗತ್ತೆ, ಆ ಎಳೆತಕ್ಕೆ ಫ್ಲೋಟ್ ಬೌಲ್ ಅನ್ನೋ ಪುಟ್ಟ ಬಟ್ಟಲಿಂದ ಪೆಟ್ರೋಲು ಜೆಟ್ ಮೂಲಕ, ಅಂದ್ರೆ ಅಳತೆ ತೂತಿನ ಮೂಲಕ, ಮೇಲೆ ಬರತ್ತೆ. ಅಷ್ಟೇ. ಗಾಳಿ ಎಷ್ಟು ದಪ್ಪ, ಎಷ್ಟು ಬಿಸಿ, ಪೆಟ್ರೋಲಲ್ಲಿ ಎಥನಾಲ್ ಎಷ್ಟಿದೆ, ಇದ್ಯಾವುದೂ ಅದಕ್ಕೆ ಗೊತ್ತಾಗಲ್ಲ. ಇಂಜೆಕ್ಷನ್‌ನಲ್ಲಿ ಸೆನ್ಸರ್‌ಗಳು ಗಾಳಿ ಒತ್ತಡ, ಬಿಸಿ, ಥ್ರಾಟಲ್ (ಆಕ್ಸಿಲೇಟರ್ ಒತ್ತಿದಾಗ ಗಾಳಿ ಬಿಡೋ ಬಾಗಿಲು) ಎಷ್ಟು ತೆರೆದಿದೆ ಎಲ್ಲ ಓದಿ ಇಸಿಯು ಅನ್ನೋ ಪುಟ್ಟ ಕಂಪ್ಯೂಟರ್ ಒಂದೊಂದು ಸಲಕ್ಕೆ ಇಷ್ಟು ಮಿಲಿಸೆಕೆಂಡ್ ಅಂತ ಇಂಜೆಕ್ಟರ್ ತೆರೀತದೆ, ಆಮೇಲೆ ಸೈಲೆನ್ಸರ್ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡಿ ತಿದ್ಕೊಳತ್ತೆ. ತಿದ್ಕೊಳೋದು, ಅದೇ ಮುಖ್ಯ. ಕಾರ್ಬೊರೇಟರನ್ನ ತಿದ್ದೋರು ನೀವು, ಸ್ಕ್ರೂ ಡ್ರೈವರ್ ಹಿಡ್ಕೊಂಡು.

ಇಂಜೆಕ್ಷನ್ ಅಂದ್ರೆ ಈಗಿನ ಕಾಲದ್ದು ಅಂತ ತಿಳ್ಕೋಬೇಡಿ. 1954ರ ಮರ್ಸಿಡಿಸ್ 300 ಎಸ್‌ಎಲ್‌ನಲ್ಲಿ ಮೆಕ್ಯಾನಿಕಲ್ ಇಂಜೆಕ್ಷನ್ ಇತ್ತು. 1958ರಲ್ಲಿ ಕ್ರೈಸ್ಲರ್‌ನವ್ರು ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೊಟ್ರು, ಅದು ಎಷ್ಟು ಕಾಟ ಕೊಡ್ತು ಅಂದ್ರೆ ಆಮೇಲೆ ಹೆಚ್ಚಿನವಕ್ಕೆ ಕಾರ್ಬೊರೇಟರೇ ವಾಪಸ್ ಹಾಕಿದ್ರು. 1967ರಲ್ಲಿ ಫೋಕ್ಸ್‌ವ್ಯಾಗನ್ 1600ಗೆ ಬಾಷ್ ಡಿ-ಜೆಟ್ರಾನಿಕ್ ಬಂದ್ಮೇಲೇನೇ ಅದು ನಂಬೋ ಹಾಗಾಗಿದ್ದು. ಹಾಗಾಗಿ ನಿಮ್ಮದು ಫ್ಯಾಕ್ಟರಿಯಿಂದಲೇ ಇಂಜೆಕ್ಷನ್ ಇದ್ದು ಬಂದ ಹಳೇ ಜರ್ಮನ್ ಗಾಡಿ ಆಗಿದ್ರೆ, ಯಾರೋ ಮೆಕ್ಯಾನಿಕ್ಕು ಇದೆಲ್ಲ ತಲೆನೋವು ಕಾರ್ಬೊರೇಟರ್ ಕೂರಿಸ್ಬಿಡೋಣ ಅಂದ್ರೆ ಒಪ್ಕೋಬೇಡಿ, ಗಾಡಿ ಬೆಲೆ ಅವತ್ತೇ ಅರ್ಧ ಹೋಯ್ತು ಅಂತ ತಿಳ್ಕೊಳಿ.

ಮೊದಲ ಹೆಜ್ಜೆ: ಗಾಡಿ ಯಾಕಿದೆ, ಪೇಪರಲ್ಲಿ ಏನಿದೆ

ತಿಂಗಳಿಗೆ ಎರಡು ಭಾನುವಾರ ಕಬ್ಬನ್ ಪಾರ್ಕ್ ಸುತ್ತ ಒಂದು ರೌಂಡು, ವರ್ಷಕ್ಕೊಂದು ರ್‍ಯಾಲಿ, ಇಷ್ಟೇನಾ? ಹಾಗಿದ್ರೆ ಕಾರ್ಬೊರೇಟರ್ ಇಟ್ಕೊಳಿ, ಈ ಲೇಖನದ ಇಂಜೆಕ್ಷನ್ ಭಾಗ ಸುಮ್ನೆ ತಿಳುವಳಿಕೆಗೆ ಓದಿ. ದಿನಾ ಆಫೀಸಿಗೆ ಹೋಗ್ತೀರಾ, ಮಂಗಳೂರು ಬೆಂಗಳೂರು ಅಂತ ಘಾಟಿ ಹತ್ತಿ ಇಳೀತಿರ್ತೀರಾ, ಗಾಡಿಗೆ ಈಗಾಗ್ಲೇ ಯಾರೋ ಬೇರೆ ಏನೇನೋ ಹಾಕಿ ಒರಿಜಿನಾಲಿಟಿ ಅನ್ನೋದೇ ಉಳಿದಿಲ್ವಾ, ಆವಾಗ ಮಾತ್ರ ಇಂಜೆಕ್ಷನ್ ಯೋಚನೆ ಮಾಡೋದ್ರಲ್ಲಿ ಅರ್ಥ ಇದೆ.

ಕಾನೂನು ಕಡೆನೂ ನೋಡ್ಕೊಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದಿರೋ ವಿವರ ಕಂಪನಿ ಮಾಡಿಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಇಂಜಿನ್ನೇ ಬದಲಾಯಿಸ್ತೀನಿ, ಎಂಪಿಎಫ್‌ಐ, ಅಂದ್ರೆ ಸಿಲಿಂಡರಿಗೊಂದು ಇಂಜೆಕ್ಟರ್ ಇರೋ ಇಂಜಿನ್ ಕೂರಿಸ್ತೀನಿ ಅನ್ನೋರು ಆರ್‌ಟಿಒ ಕಚೇರಿಗೆ ಮೊದಲು ಹೋಗ್ಬೇಕು, ಗ್ಯಾರೇಜಿಗೆ ಆಮೇಲೆ. ಇನ್ನೊಂದು, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತಲೇ ನಿಯಮ ತಂದಿದೆ, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರ ಇರೋ ನಂಬರು ಸಿಗತ್ತೆ, ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ ಫೀಸು. ಆದ್ರೆ ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಚಾಸಿ ಬಾಡಿ ಇಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರ್ಬಾರ್ದು, ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗೂ ಇಲ್ಲ. ನಿಮ್ಮ ಗಾಡಿ 70ರ ದಶಕದ್ದಾಗಿದ್ರೆ ಆ ನಂಬರಿನ ಆಸೆ ಇದ್ಯಾ ಇಲ್ವಾ ಅಂತ ಈಗಲೇ ತೀರ್ಮಾನ ಮಾಡಿ, ಯಾಕಂದ್ರೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚೋ ಪೈಪು) ಕೊರೆದು ಇಂಜೆಕ್ಟರ್ ಕೂರಿಸಿದ್ಮೇಲೆ ಮೂಲ ರೂಪ ಅಂತ ಹೇಳ್ಕೊಂಡು ಹೋಗೋದು ಕಷ್ಟ.

ಎರಡನೇದು: ಕಾರ್ಬೊರೇಟರ್ ಮೇಲೆ ಕೇಸ್ ಹಾಕೋ ಮುಂಚೆ ಸಾಕ್ಷಿ ನೋಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ದುಡ್ಡು ಉಳಿಯೋದು ಇಲ್ಲೇ. ಕಾರ್ಬೊರೇಟರ್ ಕೆಟ್ಟಿದೆ ಅಂತ ಬರೋ ಗಾಡಿಗಳಲ್ಲಿ ಎಷ್ಟೋ ಸಲ ಕೆಟ್ಟಿರೋದು ಇಗ್ನಿಷನ್, ಅಂದ್ರೆ ಸ್ಪಾರ್ಕ್ ಕೊಡೋ ಭಾಗ. ಪಾಯಿಂಟ್ ಸುಟ್ಟು ಗುಂಡಿ ಬಿದ್ದಿರತ್ತೆ, ಕಂಡೆನ್ಸರ್ ಹೋಗಿರತ್ತೆ, ಡಿಸ್ಟ್ರಿಬ್ಯೂಟರ್ ಶಾಫ್ಟ್ ಅಲ್ಲಾಡ್ತಿರತ್ತೆ, ಅಡ್ವಾನ್ಸ್ ವೆಯಿಟ್‌ಗಳು ತುಕ್ಕು ಹಿಡಿದು ಒಂದೇ ಕಡೆ ಕೂತಿರತ್ತೆ. ಪಾಯಿಂಟ್ ಗ್ಯಾಪು ಹೆಚ್ಚು ಕಮ್ಮಿ 0.4 ಮಿಲಿಮೀಟರ್, ಸರಿಯಾದ ಅಂಕಿ ನಿಮ್ಮ ಗಾಡಿ ಮ್ಯಾನ್ಯುಯಲಲ್ಲಿ ಇರತ್ತೆ, ಫೀಲರ್ ಗೇಜ್ ಹಾಕಿ ನೋಡಿ, ವಿಸಿಟಿಂಗ್ ಕಾರ್ಡ್ ಹಾಕಿ ಅಲ್ಲ. ಟೈಮಿಂಗ್ ಲೈಟ್ ಹಿಡಿದು ಆಕ್ಸಿಲೇಟರ್ ಕೊಟ್ಟಾಗ ಗುರುತು ಮೆಲ್ಲಗೆ ಮುಂದೆ ಹೋಗ್ಬೇಕು, ಬಿಟ್ಟಾಗ ವಾಪಸ್ ಬರ್ಬೇಕು. ಹೋಗಲ್ಲ ಅಂದ್ರೆ ಇಂಜೆಕ್ಷನ್ ಹಾಕಿದ್ರೂ ಪಿಕಪ್ ಬರಲ್ಲ.

ಆಮೇಲೆ ಟ್ಯಾಪೆಟ್ ಕ್ಲಿಯರೆನ್ಸು, ಕಂಪ್ರೆಷನ್ನು. ಸಿಲಿಂಡರ್ ಸಿಲಿಂಡರಿಗೆ ನೂರಕ್ಕೆ ಹತ್ತು ಹದಿನೈದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಮೊದಲು ಇಂಜಿನ್ ಕೆಲಸ, ಬೇರೆ ಮಾತೇ ಬೇಡ.

ಆಮೇಲೆ ಇಂಜಿನ್ನಿನ ಗಾಳಿ ಎಳೆತ ಅಳೆಯೋ ವ್ಯಾಕ್ಯೂಮ್ ಗೇಜ್. ತುಂಬ ಅಗ್ಗದ ಟೂಲು, ನಮ್ಮ ಕಡೆ ಯಾಕೋ ಕಮ್ಮಿ ಜನ ಬಳಸ್ತಾರೆ. ಮ್ಯಾನಿಫೋಲ್ಡಿಗೆ ಸಿಕ್ಕಿಸಿ ಬಿಸಿ ಇಂಜಿನ್ ಐಡಲಲ್ಲಿ, ಅಂದ್ರೆ ಆಕ್ಸಿಲೇಟರ್ ಒತ್ತದೆ ಓಡ್ತಿರುವಾಗ, ಓದಿ. ಪುಸ್ತಕದಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕ) ಇರ್ಬೇಕು ಅಂತ ಬರೆದಿರತ್ತೆ, ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಒಂದು ಇಂಚು ಕಳೀಬೇಕು, ಬೆಂಗಳೂರು 3,000 ಅಡಿ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 14ರಿಂದ 18 ಬಂದ್ರೆ ಇಂಜಿನ್ ಆರೋಗ್ಯವಾಗಿದೆ. ಇದು ಗೊತ್ತಿಲ್ದೆ 15 ಬಂತು ಅಂತ ಗಾಬರಿ ಬಿದ್ದು ರಿಂಗ್ ಬದಲಾಯಿಸಿದೋರೂ ಇದಾರೆ. ಮುಳ್ಳು ನಿಂತಲ್ಲಿ ನಿಂತಿರ್ಬೇಕು, ಲಯಬದ್ಧವಾಗಿ ಕೆಳಗೆ ಹೊಡ್ಕೊಂಡ್ರೆ ವಾಲ್ವ್ ಕಡೆ ನೋಡಿ, ಒಟ್ಟಾರೆ ಕಮ್ಮಿ ಇದ್ದು ಸ್ಥಿರವಾಗಿದ್ರೆ ಎಲ್ಲೋ ಗಾಳಿ ಎಳೀತಿದೆ ಅಥವಾ ಟೈಮಿಂಗ್ ಹಿಂದೆ ಇದೆ ಅಂತ.

ಗಾಳಿ ಎಳೆಯೋ ಜಾಗ ಹುಡುಕೋದು ಹೀಗೆ. ಇಂಜಿನ್ ಐಡಲಲ್ಲಿ ಬಿಟ್ಟು ಥ್ರಾಟಲ್ ಶಾಫ್ಟಿನ ಎರಡೂ ತುದಿಗೆ ಕಾರ್ಬ್ ಕ್ಲೀನರ್ ಒಂದೇ ಒಂದು ಚಿಟಿಕೆ ಸ್ಪ್ರೇ ಮಾಡಿ, ಇಂಜಿನ್ ಸದ್ದು ಬದಲಾಯ್ತು ಅಂದ್ರೆ ಶಾಫ್ಟು ಸವೆದಿದೆ. ಅಂಬಾಸಿಡರ್ ಹಳೇ 1489 ಸಿಸಿ ಇಂಜಿನ್ನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿರೋದ್ರಿಂದ ಅಲ್ಲಿ ಸ್ಪ್ರೇ ಹೊಡೆಯೋದು ಬೆಂಕಿ ಜೊತೆ ಆಟ, ಅಲ್ಲಿ ಇಂಜಿನ್ ಆಫ್ ಮಾಡಿ ಶಾಫ್ಟನ್ನ ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸಿ ನೋಡಿ ಸಾಕು, ಟಕಟಕ ಅಂದ್ರೆ ಸವೆದಿದೆ. ಲೇತಿನೋರ ಹತ್ರ ಹಿತ್ತಾಳೆ ಬುಷ್ ಹಾಕಿಸಿದ್ರೆ ಮುಗೀತು. ಐಡಲ್ ನಿಲ್ಲಲ್ಲ ಅಂತ ಹೊಸ ಕಾರ್ಬೊರೇಟರ್ ಹುಡುಕ್ಕೊಂಡು ಬೆಂಗಳೂರಿನ ಬಿಡಿಭಾಗದ ಬೀದಿ ಜೆ.ಸಿ. ರಸ್ತೆ ಪೂರ್ತಿ ತಿರುಗೋ ಬದಲು ಇದೊಂದು ಮಾಡಿಸಿ, ಅಲ್ಲಿ ಸಿಗೋ ಡೂಪ್ಲಿಕೇಟ್‌ಗಿಂತ ನಿಮ್ಮ ಹಳೇ ಒರಿಜಿನಲ್ ಬಾಡಿನೇ ಎಷ್ಟೋ ವಾಸಿ.

ಮೂರನೇದು: ಊಹೆ ಬಿಟ್ಟು ಅಳತೆಗೆ ಬನ್ನಿ

ಪ್ಲಗ್ ಬಿಚ್ಚಿ ಬಣ್ಣ ನೋಡೋದು, ಸೈಲೆನ್ಸರ್ ಹೊಗೆ ಮೂಸೋದು, ಇದೆಲ್ಲ ಅನುಭವಸ್ಥರಿಗೆ ಸರಿ. ಆದ್ರೆ ಇವತ್ತು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರು ಗೇಜ್ ಸಮೇತ ಕೈಗೆಟುಕೋ ಬೆಲೆಗೆ ಸಿಗತ್ತೆ, ಹಳೇ ಗಾಡಿ ಇಟ್ಕೊಂಡಿರೋ ಇಬ್ಬರು ಮೂವರು ಸೇರಿ ಒಂದು ತಗೊಂಡ್ರೂ ಆಯ್ತು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪೈಪುಗಳು ಒಂದಾಗೋ ಜಾಗದಿಂದ ಸ್ವಲ್ಪ ಕೆಳಗೆ 18 ಮಿಲಿಮೀಟರ್ ಥ್ರೆಡ್ಡಿನ ಒಂದು ನಟ್ಟು ವೆಲ್ಡ್ ಮಾಡಿಸಿ, ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ, ತಳಕ್ಕೆ ಹಾಕಿದ್ರೆ ನೀರು ನಿಂತು ಸೆನ್ಸರ್ ಸಾಯತ್ತೆ. ಬೇಡದಾಗ ಬೋಲ್ಟ್ ಹಾಕಿ ಮುಚ್ಚಿ. ಕಾರ್ಬೊರೇಟರ್ ಇಟ್ಕೊಂಡ್ರೂ ಇಂಜೆಕ್ಷನ್ ಮಾಡಿಸಿದ್ರೂ ಈ ನಟ್ಟು ಬೇಕೇ ಬೇಕು, ಹಾಗಾಗಿ ದಂಡ ಅಲ್ಲ.

ಗೇಜನ್ನ ಲ್ಯಾಂಬ್ಡಾ ಲೆಕ್ಕದಲ್ಲಿ ಇಟ್ಕೊಳಿ, ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಅನ್ನೋ ಲೆಕ್ಕ ಬೇಡ, ಎಥನಾಲ್ ಸೇರಿದ ಪೆಟ್ರೋಲಿಗೆ ಆ ಸಂಖ್ಯೆನೇ ಬೇರೆ ಆಗೋದ್ರಿಂದ ತಲೆ ಕೆಡತ್ತೆ. ಲ್ಯಾಂಬ್ಡಾ 1 ಅಂದ್ರೆ ಯಾವ ಪೆಟ್ರೋಲೇ ಇರ್ಲಿ, ಅದಕ್ಕೆ ಬೇಕಾದಷ್ಟೇ ಗಾಳಿ, ಸರಿ ಸಮ; 1ಕ್ಕಿಂತ ಕಮ್ಮಿ ಅಂದ್ರೆ ಪೆಟ್ರೋಲು ಜಾಸ್ತಿ. ಹಳೇ ಕಾರ್ಬೊರೇಟರ್ ಇಂಜಿನ್ನಿಗೆ ಐಡಲಲ್ಲಿ 0.9ರಿಂದ 0.95, ಹೈವೇಲಿ ಒಂದೇ ಸ್ಪೀಡಲ್ಲಿ ಹೋಗುವಾಗ 1ರ ಆಸುಪಾಸು, ಪೂರ್ತಿ ಆಕ್ಸಿಲೇಟರ್ ಒತ್ತಿದಾಗ 0.85ರಿಂದ 0.88. ಪೂರ್ತಿ ಒತ್ತಿದಾಗ 1 ದಾಟಿದ್ರೆ ಲೀನು, ಅಂದ್ರೆ ಪೆಟ್ರೋಲು ಕಮ್ಮಿ ಆಗ್ತಿದೆ, ವಾಲ್ವು ಪಿಸ್ಟನ್ನು ಸುಡೋ ದಾರಿ ಅದು, ತಕ್ಷಣ ಕಾಲು ತೆಗೀರಿ. ಗೇಜ್ ನೋಡೋಕೆ ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಳಿ, ನೀವು ರಸ್ತೆ ನೋಡಿ.

ನಾಲ್ಕನೇದು: ಇ20 ಮತ್ತು ಎತ್ತರ, ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿ

ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲು, ಬಿಡುಗಡೆ ಆಗಿದ್ದೇ ನಮ್ಮ ಬೆಂಗಳೂರಲ್ಲಿ, 2023ರ ಫೆಬ್ರವರಿಲಿ, ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ. ಆಮೇಲೆ ನಿಧಾನಕ್ಕೆ ಎಲ್ಲ ಬಂಕಿಗೂ ಬಂತು. ಶುದ್ಧ ಪೆಟ್ರೋಲಿಗೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು, ನೂರಕ್ಕೆ ಇಪ್ಪತ್ತು ಬೆರೆಸಿದ್ರೆ ಸುಮಾರು 13.5 ಆಗತ್ತೆ. ಅಂದ್ರೆ ಅದೇ ಗಾಳಿಗೆ ಸುಮಾರು 8 ಪರ್ಸೆಂಟ್ ಜಾಸ್ತಿ ಪೆಟ್ರೋಲು ಬೇಕು, ಹಳೇ ಜೆಟ್ ಮಾತ್ರ ಹಳೇ ಅಳತೆಯಷ್ಟೇ ಕೊಡ್ತಾ ಇರತ್ತೆ. ಗಾಡಿ ಲೀನ್ ಓಡತ್ತೆ, ತಣ್ಣಗಿದ್ದಾಗ ಹಿಡಿಯಲ್ಲ, ಆಕ್ಸಿಲೇಟರ್ ಒತ್ತಿದ್ರೆ ಒಂದು ಕ್ಷಣ ಸುಸ್ತಾಗಿ ಆಮೇಲೆ ಎಳೆಯತ್ತೆ. ಜನ ಕಾರ್ಬೊರೇಟರ್ ಹೋಯ್ತು ಅಂತಿರೋದು ಬಹಳ ಸಲ ಇದನ್ನೇ.

ಈಗ ಎತ್ತರದ ಕಥೆ. ಮೇಲೆ ಹೋದಷ್ಟೂ ಗಾಳಿ ತೆಳು, ಕಾರ್ಬೊರೇಟರಿಗೆ ಅದು ಗೊತ್ತಾಗ್ದೆ ಪೆಟ್ರೋಲು ಜಾಸ್ತಿ ಕೊಡತ್ತೆ, ಮೆಕ್ಯಾನಿಕ್ಕುಗಳು ರಿಚ್ ಅನ್ನೋದು ಇದಕ್ಕೇ. ಬೆಂಗಳೂರಿನ 920 ಮೀಟರಿಗೆ ಸುಮಾರು 4ರಿಂದ 5 ಪರ್ಸೆಂಟ್ ರಿಚ್, ಊಟಿಯ 2,240 ಮೀಟರಿಗೆ 10ರ ಆಸುಪಾಸು. ಮಜಾ ಏನಂದ್ರೆ ಪದ್ಮಿನಿ ತಯಾರಾಗ್ತಿದ್ದಿದ್ದು ಮುಂಬೈನ ಕುರ್ಲಾದಲ್ಲಿ, ಅಂಬಾಸಿಡರ್ ಕೋಲ್ಕತ್ತಾ ಪಕ್ಕ ಉತ್ತರಪಾರದಲ್ಲಿ, ಸ್ಟ್ಯಾಂಡರ್ಡ್ ಮದ್ರಾಸಿನಲ್ಲಿ, ಮೂರೂ ಸಮುದ್ರದ ಮಟ್ಟದ ಊರು. ಆ ಜೆಟ್‌ಗಳು ಸಮುದ್ರಮಟ್ಟದ ಲೆಕ್ಕದ್ದು ಅಂತ ಇಟ್ಕೊಂಡ್ರೆ ಬೆಂಗಳೂರಿಗೆ ಬಂದ ಗಾಡಿ ಹುಟ್ಟಿನಿಂದಲೇ ಸ್ವಲ್ಪ ರಿಚ್ ಓಡ್ತಿತ್ತು, ಈಗ ಇ20 ಅದನ್ನ ಲೀನ್ ಕಡೆ ಎಳೆದಾಗ ಎರಡೂ ಅರ್ಧಕ್ಕರ್ಧ ಹೊಡ್ದೋಗಿ ಉಳಿಯೋದು 3-4 ಪರ್ಸೆಂಟ್ ಲೀನ್ ಅಷ್ಟೇ. ಐಡಲ್ ಸ್ಕ್ರೂ ತಿರುಗಿಸಿ, ಬೇಕಾದ್ರೆ ಒಂದು ಸೈಜ್ ಮೇಲಿನ ಜೆಟ್ ಹಾಕಿದ್ರೆ ಸರಿಹೋಗೋ ವಿಷಯ ಅದು. ಅದೇ ಗಾಡಿ ಮಂಗಳೂರಲ್ಲೋ ಕಾರವಾರದಲ್ಲೋ ಇದ್ರೆ ಪೂರ್ತಿ 8 ಪರ್ಸೆಂಟ್ ಏಟು ತಿನ್ನತ್ತೆ. ಊಟಿಲಿ ಇ20 ಹಾಕಿದ ಹಳೇ ಗಾಡಿ ಹೆಚ್ಚು ಕಮ್ಮಿ ಫ್ಯಾಕ್ಟರಿ ಅಳತೆಲೇ ಓಡತ್ತೆ, ಏನೂ ಮಾಡ್ದೆ.

ಹಾಗಾಗಿ ಯಾರೋ ಮಂಗಳೂರಿನೋರು ಹಾಕಿದ ಜೆಟ್ ನಂಬರನ್ನ ಮೈಸೂರಲ್ಲಿ ಕಣ್ಮುಚ್ಚಿ ಹಾಕ್ಬೇಡಿ. ಜೆಟ್ ನಂಬರು ಅಂದ್ರೆ ಮಿಲಿಮೀಟರಿನ ನೂರನೇ ಭಾಗ, 125 ಅಂದ್ರೆ 1.25 ಮಿಮೀ ತೂತು. ಪೆಟ್ರೋಲು ಹರಿಯೋದು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ, ಹಾಗಾಗಿ 8 ಪರ್ಸೆಂಟ್ ಜಾಸ್ತಿ ಬೇಕಂದ್ರೆ ವ್ಯಾಸ 4 ಪರ್ಸೆಂಟ್ ಹೆಚ್ಚಿಸಿದ್ರೆ ಸಾಕು, 125 ಇದ್ದಿದ್ದು 130. ಬೆಂಗಳೂರಿಗೆ 127.5 ಸಿಕ್ರೆ ಚೆನ್ನ. ಜೆಟ್ಟಿಗೆ ತಂತಿ ತುರುಕಿ ದೊಡ್ಡದು ಮಾಡೋರ ಕೈಗೆ ನಿಮ್ಮ ಕಾರ್ಬೊರೇಟರ್ ಕೊಡಲೇಬೇಡಿ, ಒಳಗೆ ಗೀರು ಬಿದ್ರೆ ಅದು ಯಾವ ನಂಬರೂ ಅಲ್ಲ.

ಅಂಬಾಸಿಡರಿನ ಎಸ್‌ಯು ಕಾರ್ಬೊರೇಟರ್ ಇದ್ದೋರು ಪುಣ್ಯವಂತರು, ಅದ್ರಲ್ಲಿ ಜೆಟ್ ಬದಲಾಯಿಸೋದೇ ಬೇಡ, ಕೆಳಗಿರೋ ನಟ್ಟನ್ನ ಒಂದೆರಡು ಮೂಲೆಯಷ್ಟು ತಿರುಗಿಸಿ ಜೆಟ್ ಕೆಳಗಿಳಿಸಿದ್ರೆ ಪೆಟ್ರೋಲು ಜಾಸ್ತಿ ಬರತ್ತೆ. ಪರೀಕ್ಷೆನೂ ಸುಲಭ. ಇಂಜಿನ್ ಬಿಸಿ ಆಗಿ ಐಡಲಲ್ಲಿರುವಾಗ ಕಾರ್ಬೊರೇಟರ್ ಒಳಗಿನ ಪಿಸ್ಟನನ್ನ ಪಿನ್ನಿಂದ ಒಂದು ಮಿಲಿಮೀಟರಿಗಿಂತ ಕಮ್ಮಿ ಮೇಲೆತ್ತಿ. ಇಂಜಿನ್ ಸ್ಪೀಡು ಏರಿ ಏರಿದಲ್ಲೇ ನಿಂತ್ರೆ ರಿಚ್, ತಕ್ಷಣ ಇಳಿದು ಸಾಯೋಕೆ ಹೋದ್ರೆ ಲೀನ್, ಒಂಚೂರು ಏರಿ ಮತ್ತೆ ಮೊದಲಿನ ಜಾಗಕ್ಕೇ ಬಂದ್ರೆ ಸರಿ ಇದೆ. ಮೇಲಿನ ಡ್ಯಾಶ್‌ಪಾಟಲ್ಲಿ ಎಣ್ಣೆ ಇದ್ಯಾ ನೋಡಿ ಮೊದಲು, ಅದು ಒಣಗಿದ್ರೆ ಆಕ್ಸಿಲೇಟರ್ ಕೊಟ್ಟಾಗ ಗಾಡಿ ತಡವರಿಸತ್ತೆ, ಇದಕ್ಕೂ ಎಥನಾಲಿಗೂ ಏನೂ ಸಂಬಂಧ ಇಲ್ಲ.

ಎಥನಾಲಿನ ಇನ್ನೊಂದು ಕಾಟ ರಬ್ಬರು ಮತ್ತು ಸತು. ಹಳೇ ಪೆಟ್ರೋಲ್ ಪೈಪು ಉಬ್ಬಿ ಒಳಗಿಂದ ಕಪ್ಪು ಪುಡಿ ಬಿಡತ್ತೆ, ಆಕ್ಸಿಲೇಟರ್ ಪಂಪಿನ ಡಯಾಫ್ರಂ ಗಟ್ಟಿಯಾಗತ್ತೆ, ಮಳೆಗಾಲ ಪೂರ್ತಿ ನಿಲ್ಲಿಸಿದ ಗಾಡಿಲಿ ಎಥನಾಲು ತೇವ ಹೀರ್ಕೊಂಡು ಫ್ಲೋಟ್ ಬೌಲ್ ತಳದಲ್ಲಿ ಬಿಳಿ ಪುಡಿ ಹಿಡಿದಿರತ್ತೆ. ಪೈಪುಗಳನ್ನ ಎಥನಾಲ್ ತಡೆಯೋ ಆರ್9 ದರ್ಜೆಯದ್ದಕ್ಕೆ ಬದಲಾಯಿಸಿ, ಪೈಪಿನ ಮೈಮೇಲೇ ಅಚ್ಚಾಗಿರತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಪೆಟ್ರೋಲ್ ಲೈನ್ ಬಂದ್ ಮಾಡಿ ಇಂಜಿನ್ ತಾನಾಗೇ ಆಫ್ ಆಗೋವರ್ಗೂ ಓಡ್ಸಿ ಬೌಲ್ ಖಾಲಿ ಮಾಡಿ.

ಐದನೇದು: ಬಿಸಿಗೆ ನಿಲ್ಲೋ ಗಾಡಿಗೆ ಅಗ್ಗದ ಮದ್ದು

ರಾಯಚೂರು, ಕಲಬುರಗಿ ಕಡೆಯೋರು ಏಪ್ರಿಲಲ್ಲಿ ಅನುಭವಿಸೋದು ಇದನ್ನ. ಮೆಕ್ಯಾನಿಕಲ್ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟ್ಕೊಂಡಿರತ್ತೆ, ಅಲ್ಲಿ ಪೆಟ್ರೋಲು ಕುದ್ದು ಆವಿ ಆದ್ರೆ ಪಂಪಿಗೆ ಎಳೆಯೋಕೇ ಆಗಲ್ಲ, ಇದೇ ವೇಪರ್ ಲಾಕ್. ಗಾಡಿ ನಿಲ್ಸಿ ಒದ್ದೆ ಬಟ್ಟೆ ಸುತ್ತೋದನ್ನ ಅಪ್ಪಂದಿರ ಕಾಲದಿಂದ ನೋಡ್ತಾ ಬಂದಿದೀವಿ. ಶಾಶ್ವತ ಪರಿಹಾರ ಮೂರು: ಕಾರ್ಬೊರೇಟರ್ ಕೆಳಗೆ ದಪ್ಪ ಬೇಕಲೈಟ್ ಪ್ಯಾಕಿಂಗ್ ಮತ್ತು ಶಾಖ ತಡೆಯೋ ತಗಡು, ಟ್ಯಾಂಕಿನ ಹತ್ರ ಕಮ್ಮಿ ಒತ್ತಡದ ಎಲೆಕ್ಟ್ರಿಕ್ ಪಂಪು, ಮತ್ತೆ ಪೆಟ್ರೋಲು ಸುತ್ತಾಡ್ತಾ ತಣ್ಣಗಿರೋಕೆ ಟ್ಯಾಂಕಿಗೆ ಒಂದು ವಾಪಸ್ ಲೈನು. ಪಂಪಿನ ಒತ್ತಡ ಕಾರ್ಬೊರೇಟರಿಗೆ 2.5ರಿಂದ 3.5 ಪಿಎಸ್‌ಐ ಮೀರ್ಬಾರ್ದು, ಮೀರಿದ್ರೆ ಫ್ಲೋಟ್ ಸೂಜಿ ತಡ್ಕೊಳಲ್ಲ, ಓವರ್‌ಫ್ಲೋ ಆಗಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಸುರಿಯತ್ತೆ.

ಇಷ್ಟೆಲ್ಲ ಮಾಡಿ ಗೇಜಲ್ಲಿ ಅಂಕಿ ಸರಿ ಬಂದು ಗಾಡಿ ಖುಷಿಯಾಗಿ ಓಡ್ತಿದೆ ಅಂದ್ರೆ ಇಲ್ಲಿಗೆ ನಿಲ್ಸಿ. ನಿಜ ಹೇಳ್ಬೇಕಂದ್ರೆ ಮುಕ್ಕಾಲು ಜನಕ್ಕೆ ಇಂಜೆಕ್ಷನ್ ಆಸೆ ಇಲ್ಲಿಗೆ ಇಳಿದಿರತ್ತೆ.

ಆರನೇದು: ಇಲ್ಲ, ನಂಗೆ ಇಂಜೆಕ್ಷನ್ನೇ ಬೇಕು ಅನ್ನೋರಿಗೆ

ಸರಿ. ವಾರವಾರ ಶಿರಾಡಿ ಹತ್ತಿ ಇಳಿಯೋರಿಗೆ ಒಂದೇ ಜೆಟ್ಟಲ್ಲಿ ಎರಡೂ ಊರಿಗೆ ಸರಿಹೋಗಲ್ಲ, ಅವರಿಗೆ ಇದು ನಿಜವಾದ ಸುಖ. ಪೆಟ್ರೋಲು 3 ಬಾರ್, ಅಂದ್ರೆ ಸುಮಾರು 43 ಪಿಎಸ್‌ಐ, ಒತ್ತಡದಲ್ಲಿ ಇರೋದ್ರಿಂದ ಕುದಿಯೋದೂ ಕಷ್ಟ, ವೇಪರ್ ಲಾಕ್ ಮಾತೇ ಹೋಯ್ತು. ಚಳಿಗಾಲದ ಬೆಳಗ್ಗೆ ಚೋಕ್ ಎಳೆಯೋ ಪಡಿಪಾಟಲೂ ಇಲ್ಲ.

ಮೊದಲು ಇಂಜೆಕ್ಟರ್ ಸೈಜು. ಅಮೆರಿಕದಿಂದ ತರಿಸೋ ರೆಡಿ ಕಿಟ್‌ಗಳು ಅಲ್ಲಿನ ದೊಡ್ಡ ವಿ8 ಇಂಜಿನ್ನಿಗೆ ಮಾಡಿದ್ದು, ನೂರಾರು ಅಶ್ವಶಕ್ತಿ ಲೆಕ್ಕ. ನಮ್ಮ ಪದ್ಮಿನಿಯ 1089 ಸಿಸಿ ಇಂಜಿನ್ನು ಸುಮಾರು 40 ಅಶ್ವಶಕ್ತಿ. ಪೂರ್ತಿ ಒತ್ತಿದಾಗ ಗಂಟೆಗೆ ಸುಮಾರು 12 ಲೀಟರ್ ಪೆಟ್ರೋಲು ಕುಡಿಯತ್ತೆ ಅಂತ ಇಟ್ಕೊಳಿ, ನಾಲ್ಕು ಸಿಲಿಂಡರಿಗೆ ಹಂಚಿದ್ರೆ ಒಂದೊಂದಕ್ಕೆ ನಿಮಿಷಕ್ಕೆ 50 ಮಿಲಿ, ಇಂಜೆಕ್ಟರು 80 ಪರ್ಸೆಂಟಿಗಿಂತ ಜಾಸ್ತಿ ತೆರೆದಿರ್ಬಾರ್ದು ಅನ್ನೋ ಲೆಕ್ಕ ಮತ್ತೆ ಇ20 ಸೇರಿಸಿದ್ರೆ 70 ಮಿಲಿ ಹತ್ತಿರ. ಒಂದು ಲೀಟರ್ ಇಂಜಿನ್ನಿನ ಚಿಕ್ಕ ಕಾರಿನ ಇಂಜೆಕ್ಟರೇ ಇದಕ್ಕೆ ಧಾರಾಳ. ದೊಡ್ಡ ಇಂಜೆಕ್ಟರ್ ಹಾಕಿದ್ರೆ ಐಡಲಲ್ಲಿ ಚೂರು ತೆರೆದ್ರೂ ಜಾಸ್ತಿ ಸುರಿದು ಗಾಡಿ ಬಿಕ್ಕಳಿಸ್ತಾ ನಿಲ್ಲತ್ತೆ, ಅದನ್ನ ಯಾವ ಲ್ಯಾಪ್‌ಟಾಪ್ ಟ್ಯೂನಿಂಗೂ ಸರಿ ಮಾಡಲ್ಲ. ಗುಜರಿಯಿಂದ ಝೆನ್ ಎಂಪಿಎಫ್‌ಐ ಥ್ರಾಟಲ್ ಬಾಡಿ, ಇಂಜೆಕ್ಟರು, ಸೆನ್ಸರು, ಅದರ ವೈರಿಂಗ್ ಕನೆಕ್ಟರು ಸಮೇತ ತಂದ್ರೆ ಪದ್ಮಿನಿ ಸೈಜಿಗೆ ಹತ್ತಿರ ಇರತ್ತೆ, ಬಿಡಿಭಾಗವೂ ಮುಂದೆ ಸಿಗತ್ತೆ. ಇಂಜೆಕ್ಟರನ್ನ ಹಾಕೋ ಮುಂಚೆ ಕ್ಲೀನ್ ಮಾಡಿ ಹರಿವು ಅಳೆಯೋರ ಹತ್ರ ಟೆಸ್ಟ್ ಮಾಡಿಸಿ.

ಅಂಬಾಸಿಡರಿನೋರಿಗೆ ಒಂದು ಎಚ್ಚರಿಕೆ. ಹಳೇ 1489 ಸಿಸಿ ಇಂಜಿನ್ ಹೆಡ್ಡಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಗೆ ಹೋಗೋ ಬಾಗಿಲು ಎರಡೇ, ಒಂದೊಂದನ್ನ ಇಬ್ಬಿಬ್ಬರು ಹಂಚ್ಕೊಂಡಿರ್ತಾರೆ. ಅಲ್ಲಿ ಪೋರ್ಟಿಗೊಂದು ಇಂಜೆಕ್ಟರ್ ಇಟ್ಟು ಮಾಮೂಲಿ ಟೈಮಿಂಗಲ್ಲಿ ಹಾರಿಸಿದ್ರೆ ಮೊದಲು ಉಸಿರೆಳೆದ ಸಿಲಿಂಡರ್ ಪೆಟ್ರೋಲು ದೋಚ್ಕೊಂಡು ಪಕ್ಕದ್ದನ್ನ ಉಪವಾಸ ಕೆಡವತ್ತೆ. ಗೇಜು ಎರಡರ ಸರಾಸರಿ ತೋರ್ಸಿ ಎಲ್ಲ ಸರಿ ಇದೆ ಅನ್ನತ್ತೆ, ಒಳಗೆ ಒಂದು ವಾಲ್ವ್ ಸುಡ್ತಿರತ್ತೆ. ಇದಕ್ಕೆ ಕಾರ್ಬೊರೇಟರ್ ಜಾಗದಲ್ಲೇ ಕೂರೋ ಥ್ರಾಟಲ್ ಬಾಡಿ ಇಂಜೆಕ್ಷನ್ ಸರಿ, ಮೇಲಿಂದಲೇ ಪೆಟ್ರೋಲು ಬೆರೆತು ಹೋಗತ್ತೆ. 1992ರಿಂದ ಬಂದ ಇಸುಜು 1.8 ಇಂಜಿನ್ ಅಂಬಾಸಿಡರ್ ಇದ್ರೆ ಕಥೆ ಸಲೀಸು, ಅದಕ್ಕೆ ಆಮೇಲೆ ಕಂಪನಿಯೇ ಎಂಪಿಎಫ್‌ಐ ಕೊಟ್ಟಿತ್ತು, ಆ ಮ್ಯಾನಿಫೋಲ್ಡ್ ಹುಡುಕಿ. ಮಾರುತಿ 800ಕ್ಕೂ ಹಾಗೇನೇ, ಕಂಪನಿಯ ಎಂಪಿಎಫ್‌ಐ ಸಾಮಾನೇ ಸಿಗುವಾಗ ಹೊರಗಿನ ಕಿಟ್ ಯಾಕೆ.

ಇಸಿಯು ವಿಷಯಕ್ಕೆ ಬಂದ್ರೆ ಮೆಗಾಸ್ಕ್ವರ್ಟ್, ಸ್ಪೀಡುಯಿನೋ ಅಂತ ಸ್ವಂತ ಟ್ಯೂನ್ ಮಾಡ್ಕೊಳೋವು ಇವೆ, ಎರಡ್ನೇದು ಪೂರ್ತಿ ಓಪನ್ ಸೋರ್ಸ್, ಆರ್ಡುಯಿನೋ ಬೋರ್ಡ್ ಮೇಲೆ ಓಡತ್ತೆ, ಬೆಂಗಳೂರಿನ ಸಾಫ್ಟ್‌ವೇರ್ ಜನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಶುರುನಲ್ಲಿ ಪೆಟ್ರೋಲ್ ಮಾತ್ರ ಇಸಿಯುಗೆ ಕೊಡಿ, ಸ್ಪಾರ್ಕ್ ಹಳೇ ಡಿಸ್ಟ್ರಿಬ್ಯೂಟರೇ ನೋಡ್ಕೊಳ್ಲಿ, ಇಗ್ನಿಷನ್ ಕಾಯಿಲ್‌ನಿಂದ ಸಿಗ್ನಲ್ ತಗೋಬಹುದು. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ಗಾಡಿ ಸ್ಟಾರ್ಟ್ ಆಗ್ದಿದ್ದಾಗ ತಪ್ಪು ಯಾವುದರದ್ದು ಅಂತ ರಾತ್ರಿಯೆಲ್ಲ ಹುಡುಕ್ತೀರಿ. ಮತ್ತೆ, ಇದನ್ನ ಟ್ಯೂನ್ ಮಾಡೋರು ಯಾರು ಅಂತ ಮೊದಲೇ ಗೊತ್ತು ಮಾಡ್ಕೊಳಿ. ಹೈವೇಲಿ ನಿಂತಾಗ ಹತ್ತಿರದ ಊರಿನ ಮೆಕ್ಯಾನಿಕ್ಕು ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ ಕಳಿಸ್ತಾನೆ, ನಿಮ್ಮ ಸ್ಪೀಡುಯಿನೋ ನೋಡಿ ಕೈ ಮುಗೀತಾನೆ.

ಕರೆಂಟು. ಹೈ ಪ್ರೆಷರ್ ಪಂಪೊಂದೇ 5ರಿಂದ 8 ಆಂಪಿಯರ್ ಎಳೆಯತ್ತೆ, ಅದರ ಮೇಲೆ ಇಸಿಯು, ಇಂಜೆಕ್ಟರು, ಸೆನ್ಸರ್ ಹೀಟರು, ರಾತ್ರಿ ಹೆಡ್‌ಲೈಟು, ವೈಪರು. ಹಳೇ ಡೈನಮೋ ಇರೋ ಗಾಡಿಲಿ ಐಡಲಲ್ಲಿ ಚಾರ್ಜಿಂಗೇ ಇರಲ್ಲ, ಸಿಲ್ಕ್ ಬೋರ್ಡ್ ಸಿಗ್ನಲಲ್ಲೇ ಬ್ಯಾಟರಿ ಕೂತ್ಬಿಡತ್ತೆ. ಮೊದಲು ಆಲ್ಟರ್ನೇಟರು, ದಪ್ಪ ಅರ್ಥ್ ವೈರು, ಪ್ರತಿಯೊಂದಕ್ಕೂ ರಿಲೇ ಫ್ಯೂಸು, ಆಮೇಲೆ ಉಳಿದಿದ್ದು. ಪಾಯಿಂಟ್ ಇಗ್ನಿಷನ್ನಿನ ಹಳೇ ತಾಮ್ರದ ಪ್ಲಗ್ ವೈರು ಇಸಿಯುಗೆ ಗಲಾಟೆ ಸಿಗ್ನಲ್ ಕಳಿಸತ್ತೆ, ರೆಸಿಸ್ಟರ್ ಇರೋ ವೈರು ಹಾಕಿ.

ಟ್ಯಾಂಕು ಎಲ್ರೂ ಮರೆಯೋ ಭಾಗ. ಹಳೇ ಟ್ಯಾಂಕಲ್ಲಿ ಅಡ್ಡಗೋಡೆ ಇರಲ್ಲ, ಕಾಲು ಟ್ಯಾಂಕ್ ಪೆಟ್ರೋಲಲ್ಲಿ ತಿರುವು ತಗೊಂಡ್ರೆ ಪೆಟ್ರೋಲು ಒಂದ್ ಕಡೆ ಸರಿದು ಪಂಪು ಗಾಳಿ ಎಳೆಯತ್ತೆ. ಕಾರ್ಬೊರೇಟರಿಗೆ ಫ್ಲೋಟ್ ಬೌಲಲ್ಲಿ ದಾಸ್ತಾನು ಇರೋದ್ರಿಂದ ಗೊತ್ತೇ ಆಗ್ತಿರ್ಲಿಲ್ಲ, ಇಂಜೆಕ್ಷನ್ನಿಗೆ ಅರ್ಧ ಸೆಕೆಂಡ್ ಒತ್ತಡ ಹೋದ್ರೂ ಘಾಟಿ ತಿರುವಿನ ಮಧ್ಯದಲ್ಲಿ ಇಂಜಿನ್ ಕಟ್. ಡಿಕ್ಕಿಲೋ ಬಾನೆಟ್ ಕೆಳಗೋ ಒಂದು ಲೀಟರಿನ ಸರ್ಜ್ ಟ್ಯಾಂಕ್ ಇಟ್ಟು, ಕಮ್ಮಿ ಒತ್ತಡದ ಪಂಪು ಅದನ್ನ ತುಂಬ್ಸೋದು, ಅಲ್ಲಿಂದ ಹೈ ಪ್ರೆಷರ್ ಪಂಪು ಇಂಜೆಕ್ಟರಿಗೆ ಕೊಡೋದು, ಮಿಕ್ಕಿದ್ದು ಮುಖ್ಯ ಟ್ಯಾಂಕಿಗೆ ವಾಪಸ್. ಟ್ಯಾಂಕಿನ ಒಳಗಿನ ತುಕ್ಕು ಪೂರ್ತಿ ತೆಗೆಸಿ, ಇಂಜೆಕ್ಟರ್ ಮುಂಚೆ 10 ಮೈಕ್ರಾನ್ ಫಿಲ್ಟರ್ ಹಾಕಿ.

ಕೊನೇದು ಬೆಂಕಿ. ಮೂರು ಪಿಎಸ್‌ಐ ಸೋರಿದ್ರೆ ವಾಸನೆ ಬರತ್ತೆ, ನಲವತ್ಮೂರು ಪಿಎಸ್‌ಐ ಸೋರಿದ್ರೆ ಬಿಸಿ ಇಂಜಿನ್ ಮೇಲೆ ಕಾರಂಜಿ. ಕಾರ್ಬೊರೇಟರ್ ಕಾಲದ ಪೈಪು, ಸ್ಕ್ರೂ ಕ್ಲಿಪ್ಪು ಯಾವುದೂ ಇರಕೂಡದು, ಇಂಜೆಕ್ಷನ್ ದರ್ಜೆ ಪೈಪು ಮತ್ತು ಅದಕ್ಕೇ ಅಂತ ಬರೋ ಅಂಚು ಮಡಚಿದ ಕ್ಲಾಂಪೇ ಬೇಕು. ಇಂಜಿನ್ ತಿರುಗೋದು ನಿಂತ ತಕ್ಷಣ ಇಸಿಯು ಪಂಪ್ ರಿಲೇ ಬಿಡೋ ಹಾಗೆ ವೈರ್ ಮಾಡಿಸಿ, ಗುದ್ದಿದ್ರೆ ಪಂಪ್ ಕಟ್ ಮಾಡೋ ಇನರ್ಶಿಯಾ ಸ್ವಿಚ್ಚನ್ನ ಹಳೇ ಪಾಲಿಯೋ ಅಥವಾ ಐಕಾನ್ ತರದ ಗಾಡಿಯಿಂದ ಗುಜರಿಲಿ ಕೇಳಿ ನೋಡಿ. ಮೊದಲ ಸಲ ಕೀ ಆನ್ ಮಾಡುವಾಗ ಸ್ಟಾರ್ಟ್ ಮಾಡ್ಬೇಡಿ, ಪಂಪ್ ಮಾತ್ರ ಓಡ್ಸಿ, ಒಬ್ರು ಬಾನೆಟ್ ಹತ್ರ ಒಬ್ರು ಟ್ಯಾಂಕ್ ಹತ್ರ ನಿಂತು ಒಂದೊಂದು ಜಾಯಿಂಟನ್ನೂ ಟಿಶ್ಯೂ ಪೇಪರಲ್ಲಿ ಒರೆಸಿ ನೋಡಿ, ಎಲ್ಲೂ ಒದ್ದೆ ಇಲ್ಲ ಅಂದ್ಮೇಲೆ ಸೆಲ್ಫ್ ಹೊಡೀರಿ, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗಿರ್ಲಿ. ಕಿತ್ತ ಕಾರ್ಬೊರೇಟರು, ಮ್ಯಾನಿಫೋಲ್ಡು, ಹಳೇ ಪಂಪು ಇವನ್ನ ತೊಳೆದು ಎಣ್ಣೆ ಸವರಿ ಡಬ್ಬಿಗೆ ಹಾಕಿಡಿ, ನಾಳೆ ಗಾಡಿ ಮಾರೋವಾಗ ತಗೊಳೋರು ಮೊದಲು ಕೇಳೋದೇ ಅದನ್ನ.